ಕಟ್ಟಿದವರೇ ತೊಳೆಯಬೇಕು

ಮಾರ್ಚ್ ಬಂತೆಂದರೆ ಹೊಸಪೇಟೆ ಬಳಿಯ ತುಂಗಭದ್ರಾ (ಟಿ.ಬಿ.) ಡ್ಯಾಂ ಕಾಲೊನಿಯ ಬೇವಿನ ಮರಗಳಲ್ಲಿ ಹೂವಿನ ಜೊತೆಗೆ ಬಾಟಲಿಗಳೂ ಬಿಡುತ್ತವೆ. ಹೊಟ್ಟೆ ಕೊಯ್ದ ಪ್ಲಾಸ್ಟಿಕ್ ಬಾಟಲಿ, ಎರಡೆಳೆ ನೈಲಾನ್ ದಾರ, ಒಳಗೆ ಒಂದು ಹಿಡಿ ಅಕ್ಕಿ. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ. ನಾಸಿಕ್‌ನ ಮೊಹಮ್ಮದ್ ದಿಲಾವರ್ ಅವರ ನೇಚರ್ ಫಾರೆವರ್ ಸೊಸೈಟಿ ಹುಟ್ಟುಹಾಕಿದ ಈ ಆಚರಣೆ 2010ರಿಂದ ನಡೆಯುತ್ತಿದೆ; ಈಗ ಹಳ್ಳಿ ಶಾಲೆಗಳಿಗೂ ತಲುಪಿದೆ. ಮಕ್ಕಳು ಕಟ್ಟುತ್ತಾರೆ, ಮೇಷ್ಟ್ರು ಫೋಟೊ ತೆಗೆಯುತ್ತಾರೆ, ಫೋಟೊ ವಾಟ್ಸಾಪಿಗೆ ಹೋಗುತ್ತದೆ. ಏಪ್ರಿಲಿನಲ್ಲಿ ಶಾಲೆಗೆ ರಜೆ. ಮತ್ತೆ ಗಂಟೆ ಬಾರಿಸುವ ಹೊತ್ತಿಗೆ ಬಾಟಲಿ ಬಿಸಿಲಿಗೆ ಸೆಡೆತುಕೊಂಡಿರುತ್ತದೆ, ತಳದಲ್ಲಿ ಮೊದಲ ಮಳೆಯ ನೀರು ನಿಂತಿರುತ್ತದೆ, ಅಕ್ಕಿ ಬೂಷ್ಟು ಹಿಡಿದು ಕಪ್ಪಾಗಿರುತ್ತದೆ. ಅದನ್ನು ಬಿಚ್ಚುವವರಿಲ್ಲ. ಮುಂದಿನ ಮಾರ್ಚಿಗೆ ಅದರ ಪಕ್ಕದ ಕೊಂಬೆಗೆ ಇನ್ನೊಂದು ಬಾಟಲಿ ಏರುತ್ತದೆ.

ಮಕ್ಕಳನ್ನು ಆಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಮನೆಯಲ್ಲಿ ಬಿಸಾಡುವ ಸಾಮಾನಿನಿಂದ ಹಕ್ಕಿಗೊಂದು ತಟ್ಟೆ ಮಾಡುವುದು ನಿಜವಾಗಿ ಒಳ್ಳೆಯ ಕೆಲಸ. ಕಾಸು ಖರ್ಚಿಲ್ಲ, ಕೈಗೆ ಕೆಲಸ ಸಿಗುತ್ತದೆ, ಹತ್ತು ವರ್ಷದ ಹುಡುಗಿಯೂ ಮಾಡಬಲ್ಲಳು. ಆದರೆ ತಟ್ಟೆ ಕಟ್ಟಿದ ದಿನವೇ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವಲ್ಲ, ತಪ್ಪು ಅಲ್ಲಿದೆ. ಕೆಲಸ ಶುರುವಾಗುವುದೇ ಅವತ್ತು.

ಹಿಂದೆ ಗುಬ್ಬಿಗೆ ಬೇರೆ ತಟ್ಟೆ ಇಡುವ ಪ್ರಸಂಗವೇ ಬರುತ್ತಿರಲಿಲ್ಲ. ಮನೆಗೆಲಸದೊಳಗೇ ಅದರ ಪಾಲು ಸೇರಿತ್ತು. ಪಡಸಾಲೆಯ ಮುಂದೆ ಕೂತು ಜೋಳ ಹಸನು ಮಾಡುವಾಗ ಮೊರದ ತುದಿಯಿಂದ ಸಿಡಿದ ಕಾಳು, ಒರಳಿನ ಸುತ್ತ ಚೆಲ್ಲಿದ ನುಚ್ಚು, ಹಿತ್ತಲಲ್ಲಿ ಬಚ್ಚಲ ನೀರು ನಿಲ್ಲುವ ಗುಂಡಿ, ಕೊಟ್ಟಿಗೆಯ ಹುಳುಹುಪ್ಪಟೆ, ರಾಶಿ ಎತ್ತಿದ ಮೇಲೆ ಕಣದ ಬಿರುಕಿನಲ್ಲಿ ಉಳಿದ ಸಜ್ಜೆ, ಬಜಾರದ ಕಿರಾಣಿ ಅಂಗಡಿಯಲ್ಲಿ ತೂತು ಬಿದ್ದ ಗೋಣಿಚೀಲ. ಯಾರೂ ದಾನ ಮಾಡುತ್ತಿರಲಿಲ್ಲ, ಗುಬ್ಬಿಯೂ ಬೇಡುತ್ತಿರಲಿಲ್ಲ. ಹೆಂಚಿನ ಸಂದಿನಲ್ಲೋ ದೇವರ ಪಟದ ಹಿಂದೆಯೋ ಗೂಡು, ಅಂಗಳದಲ್ಲಿ ಊಟ. ಡ್ಯಾಂ ಕಟ್ಟುವ ಕಾಲಕ್ಕೆ ಎದ್ದ ಹಳೆಯ ಹೆಂಚಿನ ಕ್ವಾರ್ಟರ್ಸುಗಳಲ್ಲಿ ಇಂಥ ಸಂದುಗೊಂದುಗಳಿಗೆ ಬರವಿರಲಿಲ್ಲ. ಈಗ ಜೋಳ ಹಿಟ್ಟಾಗಿಯೇ ಪಾಕೀಟಿನಲ್ಲಿ ಬರುತ್ತದೆ, ಅಕ್ಕಿಯಲ್ಲಿ ಕಲ್ಲಿಲ್ಲ, ಮೊರ ಅಟ್ಟದಲ್ಲಿದೆ, ಅಂಗಳಕ್ಕೆ ಟೈಲ್ಸು ಬಿದ್ದಿದೆ. ನಾವು ಮರಕ್ಕೆ ಕಟ್ಟುತ್ತಿರುವ ತಟ್ಟೆ, ಅಟ್ಟ ಸೇರಿದ ಆ ಮೊರದ ಬದಲಿ.

ಬೇಕೆಂದೇ ಉಣಿಸುವ ಪದ್ಧತಿಯೂ ನಮ್ಮಲ್ಲಿ ಇಲ್ಲದಿಲ್ಲ. ಸೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆಂದು ಚೆಲ್ಲಿದ ಎಡೆ ಹಕ್ಕಿ, ಇರುವೆ, ಅಳಿಲಿನ ಹೊಟ್ಟೆ ಸೇರುತ್ತದೆ. ಇನ್ನೊಂದು ರೂಢಿ ನೀರಾವರಿಯ ಹಿಂದೆ ಬಂದದ್ದು. ಹಂಪಿ, ಕಂಪ್ಲಿ ಸೀಮೆಗೆ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಿಂದಾಗಿ ಭತ್ತ, ಕಬ್ಬು, ಬಾಳೆ ಹಳೆಯ ಬೆಳೆಗಳೇ. 1945ರಲ್ಲಿ ಅಡಿಗಲ್ಲು ಹಾಕಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟು, ಜೋಳ ಸಜ್ಜೆ ಬೆಳೆಯುತ್ತಿದ್ದ ಒಣ ಎರೆಗೂ ಭತ್ತ ತಂದಿತು. ಭತ್ತದ ಬೆನ್ನಿಗೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಬಂದು ಕ್ಯಾಂಪುಗಳನ್ನು ಮಾಡಿಕೊಂಡು ನೆಲೆಸಿದರು. ಆ ಕಡೆಯವರಲ್ಲಿ ಕೊಯ್ಲಿನ ಕಾಲಕ್ಕೆ ಭತ್ತದ ತೆನೆಗಳನ್ನು ಹೆಣೆದು ಕುಚ್ಚು ಮಾಡಿ ಮನೆಯ ಬಾಗಿಲಿಗೆ, ಗುಡಿಯ ಮಂಟಪಕ್ಕೆ ತೂಗುಬಿಡುವ ವಾಡಿಕೆ ಇದೆ. ಗುಬ್ಬಿ ಬಂದು ತೆನೆಗೇ ಜೋತುಬಿದ್ದು ಕಾಳು ಬಿಡಿಸಿಕೊಳ್ಳುತ್ತದೆ. ತೊಳೆಯುವ ಗೋಜಿಲ್ಲ; ಕಾಳು ಮುಗಿದರೆ ಉಳಿಯುವುದು ಹುಲ್ಲು, ಅದನ್ನು ದನ ತಿನ್ನುತ್ತದೆ. ಹಕ್ಕಿಗೆಂದು ಮನುಷ್ಯ ಮಾಡಿದ ತಟ್ಟೆಗಳಲ್ಲಿ ಇದನ್ನು ಮೀರಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕಂಪ್ಲಿ ಕಡೆ ಗದ್ದೆ ಇರುವ ನೆಂಟರಿದ್ದರೆ ಬಾಟಲಿಯ ಗೊಡವೆ ಬಿಟ್ಟು ಒಂದು ಸಿವುಡು ತೆನೆ ತರಿಸಿಕೊಳ್ಳಿ.

ಹಾಗೆಂದು ರೈತನಿಗೂ ಹಕ್ಕಿಗೂ ಸದಾ ಗೆಳೆತನ ಎಂದು ಬಣ್ಣ ಕಟ್ಟುವುದು ಬೇಡ. ಬಾಗಿಲಿಗೆ ತೆನೆ ಕಟ್ಟುವವನೇ ಹೊಲದಲ್ಲಿ ಮಂಚಿಕೆ ಏರಿ ಕವಣೆ ಬೀಸುತ್ತಾನೆ, ಡಬ್ಬ ಬಡಿಯುತ್ತಾನೆ. ಜೋಳ ಹಾಲುಗಾಳು ಕಟ್ಟುವಾಗ ಗಿಳಿ, ಗುಬ್ಬಿ, ಗೀಜಗನ ಹಿಂಡು ಇಳಿದರೆ ಆಗುವ ನಷ್ಟ ಹೊಲದವನಿಗೇ ಗೊತ್ತು. ಓಡಿಸುವುದು ಬೇರೆ, ನಿರ್ಮೂಲ ಮಾಡುವುದು ಬೇರೆ. 1958ರಲ್ಲಿ ಚೀನಾ ನಿರ್ಮೂಲ ಮಾಡಬೇಕಾದ ಇಲಿ, ನೊಣ, ಸೊಳ್ಳೆಗಳ ಪಟ್ಟಿಗೆ ಗುಬ್ಬಿಯನ್ನೂ ಸೇರಿಸಿತು; ಜನ ಬೀದಿಗಿಳಿದು ತಗಡು ಬಡಿದು ಅವು ಎಲ್ಲೂ ಕೂರದಂತೆ ಮಾಡಿ ಸಾಯಿಸಿದರು. ಹುಳು ತಿನ್ನುವ ಬಾಯಿ ಕಡಿಮೆಯಾದಾಗ ಬೆಳೆಗೆ ಹುಳು ಹತ್ತಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಬೇಕಾಯಿತು. ನಮ್ಮ ರೈತ ಕವಣೆ ಬೀಸಿ ಸಂಜೆ ಮನೆಗೆ ಬಂದುಬಿಡುತ್ತಾನೆ, ಅಷ್ಟರಮಟ್ಟಿಗೆ ಜಾಣ.

ಇನ್ನು ಮಾಡುವ ಬಗೆ. ಎಲ್ಲರೂ ಮೊದಲು ಕೈಹಾಕುವುದು ಬಾಟಲಿಗೆ. ಅದನ್ನೇ ಮಾಡುವುದಾದರೆ ಸರಿಯಾಗಿ ಮಾಡಬೇಕು. ಹೊಟ್ಟೆ ಕೊಯ್ದರೆ ಮಳೆಯೂ ಒಳಗೆ, ಹಿಕ್ಕೆಯೂ ಒಳಗೆ. ಕೊಯ್ಯದೆ, ಒಂದು ಲೀಟರಿನ ಬಾಟಲಿಗೆ ಎದುರುಬದುರು ತೂತು ಕೊರೆದು ಹಳೆಯ ಮರದ ಸೌಟು ತೂರಿಸಿ. ಸೌಟಿನ ಬಟ್ಟಲು ಇರುವ ಕಡೆಯ ತೂತು ಕೊಂಚ ದೊಡ್ಡದಿರಲಿ. ಕಾಳು ಅಷ್ಟಷ್ಟೇ ಸೌಟಿಗೆ ಇಳಿಯುತ್ತದೆ, ಹಿಡಿಕೆಯ ಮೇಲೆ ಹಕ್ಕಿ ಕೂರುತ್ತದೆ. ಅದಕ್ಕಿಂತ ಮೇಲೆ ಅಡ್ಡಡ್ಡವಾಗಿ ಇನ್ನೊಂದು ಸೌಟು. ಗೋಣಿಚೀಲ ಹೊಲಿಯುವ ದಬ್ಬಳ ಕಾಸಿ ತಳಕ್ಕೆ ನಾಲ್ಕಾರು ಸಣ್ಣ ತೂತು ಹಾಕಿದರೆ ನೀರು ನಿಲ್ಲುವುದಿಲ್ಲ. ಮುಚ್ಚಳ ಬಿಗಿಯಾಗಿರಲಿ. ಆದರೆ ನಮ್ಮ ಬಿಸಿಲಿಗೆ ಆ ತೆಳು ಪ್ಲಾಸ್ಟಿಕ್ ಹೆಚ್ಚು ಕಾಲ ತಾಳುವುದಿಲ್ಲ. ಗರಿಗರಿಯಾಗಿ ಚೂರುಚೂರಾಗಿ ಉದುರುತ್ತದೆ. ಮನೆಯ ಕಸವನ್ನು ಮರದ ಬುಡಕ್ಕೆ ಸಾಗಿಸಿದಂತಾಯಿತು ಅಷ್ಟೆ. ಎಣ್ಣೆ ಡಬ್ಬದ ತಗಡು ಕತ್ತರಿಸಿ ತಟ್ಟೆ ಮಾಡುವವರಿದ್ದಾರೆ. ಮಧ್ಯಾಹ್ನ ಅದನ್ನು ಮುಟ್ಟಿ ನೋಡಿ, ರೊಟ್ಟಿ ಸುಡುವ ಹಂಚಿನ ಹಾಗೆ ಕಾದಿರುತ್ತದೆ. ಕತ್ತರಿಸಿದ ಅಂಚು ಹಕ್ಕಿಯ ಕಾಲಿಗೂ ಕೆಟ್ಟದ್ದು, ಕಟ್ಟುವವರ ಬೆರಳಿಗೂ ಕೆಟ್ಟದ್ದು.

ನನ್ನ ಓಟು ತೆಂಗಿನ ಕರಟಕ್ಕೆ. ಕಾಯಿ ಒಡೆದಾಗ ಎರಡು ಹೋಳಾಗುತ್ತದಲ್ಲ, ಕಣ್ಣಿರುವ ಹೋಳು ಮೇಲೆ ಸೂರಾಗಲಿ, ಕಣ್ಣಿಲ್ಲದ ಹೋಳು ಕೆಳಗೆ ಬಟ್ಟಲಾಗಲಿ. ಕೊಬ್ಬರಿಯನ್ನು ಪೂರಾ ಕೆರೆದು ತೆಗೆದು ಎರಡು ದಿನ ಬಿಸಿಲಿಗೆ ಇಡಿ. ಇಲ್ಲದಿದ್ದರೆ ಹಕ್ಕಿಗಿಂತ ಮೊದಲು ಇರುವೆ ಬರುತ್ತದೆ. ಬಟ್ಟಲಿನ ಅಂಚಿಗೆ ಮೂರು ಕಡೆ ತೂತು ಹಾಕಿ, ತಳಕ್ಕೆ ಒಂದೆರಡು ಸಣ್ಣ ತೂತು. ಮೂರೂ ದಾರಗಳನ್ನು ಮೇಲಿನ ಹೋಳಿನ ಮೆತ್ತನೆಯ ಕಣ್ಣಿನಿಂದ ಒಟ್ಟಿಗೆ ತೂರಿಸಿ ಗಂಟು ಹಾಕಿದರೆ ಸೂರು ತಾನಾಗಿ ನಿಲ್ಲುತ್ತದೆ. ನಡುವೆ ಒಂದು ಗೇಣು ಜಾಗ ಬಿಡಿ. ದಾರಕ್ಕೂ ಪೇಟೆಗೆ ಹೋಗಬೇಕಿಲ್ಲ. ಹೊಸಪೇಟೆ, ಕಂಪ್ಲಿ ಸುತ್ತ ಬಾಳೆ ತೋಟಗಳಿವೆ. ಹೂವು ಕಟ್ಟುವವರ ಬಳಿ ಬಾಳೆನಾರು ಸಿಗುತ್ತದೆ. ನೆನೆಸಿ ಮೂರೆಳೆ ಹೊಸೆದರೆ ಈ ತೂಕಕ್ಕೆ ಸಾಕು. ನೈಲಾನ್ ದಾರ, ಗಾಳಿಪಟದ ಮಾಂಜಾ ಮಾತ್ರ ಬೇಡವೇ ಬೇಡ. ಅದರಲ್ಲಿ ಕಾಲು ಸಿಕ್ಕಿಕೊಂಡ ಹಕ್ಕಿ ತಲೆಕೆಳಗಾಗಿ ಸಾಯುತ್ತದೆ. ಬಾಳೆನಾರಿನ ಇನ್ನೊಂದು ಗುಣವೆಂದರೆ ಅದು ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ನೀವು ಮರೆತರೂ ಕರಟ ತಾನಾಗಿ ಕಳಚಿ ಬಿದ್ದು ಮಣ್ಣಾಗುತ್ತದೆ.

ಎಲ್ಲಿ ಕಟ್ಟಬೇಕು ಎಂಬುದಕ್ಕೆ ಬೆಕ್ಕನ್ನು ಕೇಳಬೇಕು. ಅದು ನೆಲದಿಂದ ಹಾರಿದರೂ, ಪಕ್ಕದ ಗೋಡೆಯಿಂದ ಹಾರಿದರೂ ಎಟುಕಬಾರದು. ಹಾಗೆಂದು ಬಟ್ಟ ಬಯಲಿನಲ್ಲಿ ಕಟ್ಟಿದರೆ ಬಿಜ್ಜು ಎರಗಿದಾಗ ಗುಬ್ಬಿಗೆ ಅಡಗಲು ಮರೆ ಇಲ್ಲ. ನಾಲ್ಕು ಮಾರು ದೂರದಲ್ಲಿ ದಾಸವಾಳವೋ ಗೋರಂಟಿ ಪೊದೆಯೋ ಇದ್ದರೆ ಒಳ್ಳೆಯದು. ಸಂಡೂರಿನಲ್ಲಿರುವವರಿಗೆ ಒಂದು ಹೆಚ್ಚಿನ ಕೆಲಸವಿದೆ: ಅದಿರಿನ ಲಾರಿ ಓಡಾಡುವ ರಸ್ತೆ ಬದಿಯಲ್ಲಿ ಕಟ್ಟಬೇಡಿ. ಎಲೆಯ ಮೇಲೆ ಕೂರುವ ಕೆಂಧೂಳು ಕಾಳಿನ ಮೇಲೂ ಕೂರುತ್ತದೆ.

ಏನು ಹಾಕಬೇಕು? ನವಣೆ, ಸಜ್ಜೆ, ಭತ್ತ, ಅಕ್ಕಿ ನುಚ್ಚು. ಗುಬ್ಬಿಗೂ ರಾಟವಾಳಕ್ಕೂ ನವಣೆ ಕಂಡರೆ ಪ್ರಾಣ. ಬೆಳವ ಜೋಳದ ಇಡಿ ಕಾಳನ್ನೇ ನುಂಗುತ್ತದೆ. ಪಿಕಳಾರ, ಕುಟ್ರ ಹಕ್ಕಿಗಳಿಗೆ ಕಾಳು ಬೇಡ, ಬಾಳೆಹಣ್ಣೋ ಪೇರಲೆ ಹೋಳೋ ಮೊಳೆಗೆ ಚುಚ್ಚಿಟ್ಟರೆ ಬರುತ್ತವೆ. ನಮ್ಮೂರಲ್ಲಿ ಸಂಜೆಯಾದರೆ ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಮಿರ್ಚಿ ಇದ್ದೇ ಇರುತ್ತದೆ. ಉಳಿದದ್ದನ್ನು ಹಕ್ಕಿಗೆ ಚೆಲ್ಲುವ ಉದಾರಿಗಳೂ ಇದ್ದಾರೆ. ಉಪ್ಪು, ಖಾರ, ಕರಿದ ಎಣ್ಣೆ ಹಕ್ಕಿಗೆ ಆಗಿಬರುವುದಿಲ್ಲ. ಹಾಳಾದ ಬ್ರೆಡ್ಡೂ ಬೇಡ. ಇನ್ನೊಂದು ಮಾತು: ಬಟ್ಟಲು ತುಂಬಿಸಬೇಡಿ. ಬೆಳಿಗ್ಗೆ ಒಂದು ಹಿಡಿ ಹಾಕಿ. ಸಂಜೆಗೆ ಉಳಿದಿದ್ದರೆ ಮರುದಿನ ಅರ್ಧ ಹಿಡಿ. ರಾತ್ರಿ ಉಳಿದ ಕಾಳು ಇಲಿಯ ಪಾಲು, ಇಲಿಯ ಹಿಂದೆ ಯಾರು ಬರುತ್ತಾರೆಂದು ಬಂಡೆಗಲ್ಲಿನ ಸೀಮೆಯವರಿಗೆ ಹೇಳಬೇಕಿಲ್ಲ.

ಕಾಳು ಹಾಕಿದಾಕ್ಷಣ ಗುಬ್ಬಿಯ ವಂಶ ಉದ್ಧಾರವಾಯಿತು ಎಂದೂ ತಿಳಿಯಬಾರದು. ಮೊಬೈಲ್ ಟವರಿನಿಂದ ಗುಬ್ಬಿ ನಾಶವಾಯಿತು ಎಂಬ ಕಥೆ ಎಲ್ಲರಿಗೂ ಬಾಯಿಪಾಠ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. 2020ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಒಟ್ಟು ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮಾತ್ರ ಇಳಿದಿದೆ ಎಂದಿತು. ನಗರದಲ್ಲಿ ಸಂಖ್ಯೆ ಇಳಿಯಲು ಗೂಡಿಗೆ ಸಂದು ಇಲ್ಲದ್ದು, ಮರಿಗೆ ಹುಳು ಸಿಗದ್ದು ದೊಡ್ಡ ಕಾರಣಗಳು. ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಮರಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಮೆತ್ತನೆಯ ಕಂಬಳಿಹುಳು, ಗಿಡದ ಹೇನು, ಮಿಡತೆಯ ಮರಿ. ಒಂದು ಕೈಯಲ್ಲಿ ನವಣೆ ಹಾಕಿ, ಇನ್ನೊಂದು ಕೈಯಲ್ಲಿ ಗುಲಾಬಿ ಗಿಡಕ್ಕೆ ಕೀಟನಾಶಕ ಹೊಡೆದರೆ ಲೆಕ್ಕ ತಾಳೆಯಾಗುವುದಿಲ್ಲ. ಗೂಡಿಗೆಂದು ಹಳೆಯ ರಟ್ಟಿನ ಪೆಟ್ಟಿಗೆಯೋ ಮರದ ಪೆಟ್ಟಿಗೆಯೋ ಇಡುವುದಾದರೆ ಬಾಗಿಲಿನ ತೂತು 32 ಮಿಲಿಮೀಟರ್ ಇದ್ದರೆ ಗುಬ್ಬಿಗೆ ಸಾಕು. ಅದಕ್ಕಿಂತ ತೀರ ದೊಡ್ಡದಾದರೆ ಗೊರವಂಕ ಒಳಗೆ ಬಂದು ಮನೆ ಮಾಡುತ್ತದೆ.

ಗುಬ್ಬಿಗೆಂದು ಇಟ್ಟದ್ದನ್ನು ಪಾರಿವಾಳ ತಿನ್ನುವುದು ಎಲ್ಲ ಊರಿನ ಗೋಳು. ಗುಜರಾತಿನಲ್ಲಿ ಹಕ್ಕಿಗೆ ಕಾಳು ಹಾಕಲೆಂದೇ ಬೀದಿ ನಡುವೆ ಕೆತ್ತನೆಯ ಕಂಬ ನಿಲ್ಲಿಸಿ ಚಬೂತರೊ ಕಟ್ಟಿದ್ದಾರೆ. ಅಹಮದಾಬಾದಿನ ಪೋಳ್ ಎಂಬ ಹಳೆಯ ಕೇರಿಗಳಲ್ಲಿ ಈಗಲೂ ಅವನ್ನು ನೋಡಬಹುದು. ಪಾರಿವಾಳಕ್ಕೆ ಕಾಳು ಹಾಕುವ ಮುಂಬಯಿಯ ಕಬೂತರ್‌ಖಾನೆಗಳದೂ ಅದೇ ಧರ್ಮಬುದ್ಧಿ. ಆದರೆ ಮೂಟೆಗಟ್ಟಲೆ ಕಾಳು ಸುರಿದ ಕಡೆ ಪಾರಿವಾಳ ಸಾವಿರಗಟ್ಟಲೆ ಬೆಳೆದು, ಅದರ ಹಿಕ್ಕೆಯ ಪುಡಿ ಉಸಿರಿಗೆ ಸೇರಿ ಜನರ ಶ್ವಾಸಕೋಶ ಕೆಡಿಸುತ್ತದೆ ಎಂದು ವೈದ್ಯರು ಹೇಳಿದರು. 2025ರಲ್ಲಿ ಮುಂಬಯಿ ಪಾಲಿಕೆ ಅವನ್ನು ಮುಚ್ಚಿಸಿತು, ದಾದರ್‌ನಲ್ಲಿ ದೊಡ್ಡ ಗಲಾಟೆಯಾಯಿತು, ವಿಷಯ ಹೈಕೋರ್ಟು ಹತ್ತಿತು. ಹಂಪಿಯ ಗೋಪುರದ ಗೂಡುಗಳಲ್ಲೂ ಪಾರಿವಾಳಕ್ಕೆ ಕೊರತೆಯಿಲ್ಲ. ಯಾತ್ರಿಕರು ಪುಣ್ಯಕ್ಕೆಂದು ಎರಚುವ ಅಕ್ಕಿ ಅವಕ್ಕೇ ಹೋಗುತ್ತದೆ. ಇಲ್ಲೂ ಕರಟವೇ ಗೆಲ್ಲುತ್ತದೆ. ತೂಗಾಡುವ ಸಣ್ಣ ಬಟ್ಟಲಿನ ಅಂಚಿನಲ್ಲಿ ಗುಬ್ಬಿ, ರಾಟವಾಳ ಕೂರಬಲ್ಲವು. ಪಾರಿವಾಳದ ಮೈಗೆ ಅದು ಒಗ್ಗುವುದಿಲ್ಲ. ಅಂಗಡಿಯಲ್ಲಿ ಮಾರುವ ಅಗಲ ಟ್ರೇಗಳಿಗೆ ಈ ಗುಣವಿಲ್ಲ.

ತೊಳೆಯುವುದರ ಬಗ್ಗೆ ಇಷ್ಟೊತ್ತು ಹೇಳದೆ ಉಳಿಸಿಕೊಂಡದ್ದು ಬೇಕೆಂದೇ. ಹತ್ತು ಕಡೆ ಹರಡಿಕೊಂಡು ಮೇಯುವ ಹಕ್ಕಿಗಳನ್ನು ನಾವು ಒಂದೇ ತಟ್ಟೆಗೆ ಕರೆಯುತ್ತಿದ್ದೇವೆ. ಕಾಯಿಲೆಯ ಹಕ್ಕಿ ಉಗುಳಿದ ಕಾಳನ್ನು ಒಳ್ಳೆಯ ಹಕ್ಕಿ ಹೆಕ್ಕುತ್ತದೆ, ಹಿಕ್ಕೆ ಬಿದ್ದ ನೀರನ್ನು ಇನ್ನೊಂದು ಕುಡಿಯುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. ಬ್ರಿಟನ್ನಿನಲ್ಲಿ ಹಿತ್ತಲಿಗೊಂದು ಹಕ್ಕಿ ತಟ್ಟೆ ಇಡುವುದು ಮನೆಮನೆಯ ಹವ್ಯಾಸ. ಅಲ್ಲಿ 2005ರ ಸುಮಾರಿಗೆ ಗಂಟಲಿಗೆ ಹತ್ತುವ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ ಪಾರಿವಾಳದ ಜಾತಿಯ ಹಕ್ಕಿಗಳಿಂದ ಗ್ರೀನ್‌ಫಿಂಚ್ ಎಂಬ ಹಸಿರು ಪುಟ್ಟ ಹಕ್ಕಿಗೆ ದಾಟಿತು. ನುಂಗಲಾರದೆ ಹಸಿದು ಸಾಯುವ ಕಾಯಿಲೆ ಅದು. ಹಿತ್ತಲ ತಟ್ಟೆಗಳೇ ಅದು ಹರಡುವ ದಾರಿಯಾದವು. ಅಲ್ಲಿ ತೀರ ಸಾಮಾನ್ಯವಾಗಿದ್ದ ಆ ಹಕ್ಕಿ 2021ರಲ್ಲಿ ಅಪಾಯದ ಕೆಂಪು ಪಟ್ಟಿ ಸೇರಿತು. ಪ್ರೀತಿಯಿಂದ ಇಟ್ಟ ಕಾಳಿನಿಂದಲೇ ಸಾವು ಬಂದದ್ದು ನೋಡಿ.

ನಮಗೆ ಒಂದು ಅನುಕೂಲವಿದೆ, ಅದು ಬಳ್ಳಾರಿ ಸೀಮೆಯ ಬಿಸಿಲು. ಇಂಥ ರೋಗಾಣುಗಳಲ್ಲಿ ಹಲವಕ್ಕೆ ಒಣಗಿದರೆ ಉಳಿವಿಲ್ಲ. ಎರಡು ಜೊತೆ ಕರಟ ಮಾಡಿಟ್ಟುಕೊಳ್ಳಿ. ಒಂದು ಮರದಲ್ಲಿರುವಾಗ ಇನ್ನೊಂದು ಬಿಸಿನೀರು, ಬ್ರಷ್ ಕಂಡು ಮಾಳಿಗೆಯ ಮೇಲೆ ಒಣಗುತ್ತಿರಲಿ. ವಾರಕ್ಕೊಮ್ಮೆ ಅದಲು ಬದಲು. ತೊಳೆದ ಮೇಲೆ ಕೈಯನ್ನೂ ಸಾಬೂನು ಹಾಕಿ ತೊಳೆಯಬೇಕು, ಕರಟವನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಬೇಸರ ಬಂತೇ, ಹಳೆಯ ಕರಟವನ್ನು ಬಚ್ಚಲ ಒಲೆಗೆ ಹಾಕಿ, ನಾಳೆ ಸಾರಿಗೆ ಒಡೆಯುವ ಕಾಯಿಯ ಕರಟವನ್ನು ಕಟ್ಟಿ. ದುಡ್ಡು ಕೊಟ್ಟು ತಂದ ತಟ್ಟೆಯನ್ನು ಹೀಗೆ ಸುಟ್ಟುಹಾಕಲು ಮನಸ್ಸು ಬರುವುದಿಲ್ಲ. ಮನೆಯಲ್ಲೇ ಮಾಡಿಕೊಳ್ಳುವುದರ ದೊಡ್ಡ ಲಾಭ ಇದೇ. ಗರಿ ಉಬ್ಬಿಸಿಕೊಂಡು ತೂಕಡಿಸುತ್ತ ಕೂತ ಹಕ್ಕಿ ತಟ್ಟೆಯ ಬಳಿ ಕಂಡರೆ ಎರಡು ವಾರ ಕಾಳು ಹಾಕುವುದನ್ನೇ ನಿಲ್ಲಿಸಿ. ಹಕ್ಕಿಗಳು ಚದುರಿಹೋಗಲಿ. ಅವು ಹಸಿದು ಸಾಯುವುದಿಲ್ಲ, ನಮ್ಮ ಒಂದು ಹಿಡಿ ನವಣೆಯನ್ನೇ ನಂಬಿ ಅವು ಹುಟ್ಟಿಲ್ಲ.

ಉಣಿಸುವುದು, ಉಳಿಸುವುದು ಎರಡೂ ಒಂದೇ ಅಲ್ಲ ಎಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿಗಳಿವೆ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನದ ಹೊತ್ತು ಸಿಬ್ಬಂದಿ ಬಂಡೆಗೆ ಬೆಲ್ಲದ ರಾಡಿ ಬಳಿಯುತ್ತಾರೆ. ಕರಡಿ ಇಳಿದು ಬಂದು ನೆಕ್ಕುತ್ತದೆ, ಅದರೊಡನೆ ನವಿಲು, ಕಾಡುಕೋಳಿ ಜಾತಿಯ ಚಿತ್ತಾರದ ಹಕ್ಕಿಗಳೂ ಬರುತ್ತವೆ. ವೀಕ್ಷಣಾ ಗೋಪುರದಲ್ಲಿ ನಿಂತವರಿಗೆ ಕಣ್ಣಿಗೆ ಹಬ್ಬ. ನಮ್ಮ ಕಣ್ಣಿನ ಆಸೆಗೆ ಅದು ಬೇಕು, ಇರಲಿ. ಆದರೆ ಅಲ್ಲಿನ ಜೀವಗಳನ್ನು ಕಾದಿರುವುದು ಬೆಲ್ಲವಲ್ಲ, ಆ ಕುರುಚಲು ಕಾಡು, ಆ ಬಂಡೆಯ ಗವಿಗಳು, ಕವಳೆ ಬಾರೆ ಹಣ್ಣುಗಳು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋಗಿ ಬಂದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದು ನೀರಾವರಿಗೆಂದು ಕಟ್ಟಿದ ಹಳೆಯ ಊರಕೆರೆ. ಕೆರೆಯಂಗಳದ ತುಂಬ ಕರಿಜಾಲಿ ಮರ. ಯಾರೂ ಅಲ್ಲಿ ಕಾಳು ಎರಚಲಿಲ್ಲ. ಮರ ಉಳಿಯಿತು, ನೀರು ನಿಂತಿತು, ಊರವರು ಕಲ್ಲು ಬೀಸಲಿಲ್ಲ. ಬಣ್ಣದ ಕೊಕ್ಕರೆ, ಕರಿತಲೆ ಕೆಂಬರಲು, ನೀರುಕಾಗೆ ಬಂದು ಗೂಡು ಕಟ್ಟಿದವು. ಸುಮಾರು 240 ಬಗೆಯ ಹಕ್ಕಿಗಳು ಅಲ್ಲಿ ದಾಖಲಾಗಿವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು, 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ. ಒಟ್ಟು 98.76 ಹೆಕ್ಟೇರು, ಅಂದರೆ 244 ಎಕರೆ. ಸುತ್ತಿ ಬಂದರೆ ಮುಗಿಯುವಷ್ಟು ಜಾಗ.

ನಮ್ಮ ಹಿತ್ತಲು 244 ಎಕರೆ ಇಲ್ಲ, ಒಪ್ಪೋಣ. ಆದರೂ ಅಂಕಸಮುದ್ರದಿಂದ ಕಲಿಯಬಹುದಾದ್ದು ಒಂದಿದೆ: ಮೊದಲು ನೀರು, ಆಮೇಲೆ ಕಾಳು. ಮಾರ್ಚಿನಿಂದ ಮೇ ವರೆಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೂರಾರು ಚದರ ಕಿಲೋಮೀಟರ್ ನೀರು ನಿಲ್ಲಿಸಬಲ್ಲ ಜಲಾಶಯ ಪಕ್ಕದಲ್ಲೇ ಇದ್ದರೂ ಆ ದಿನಗಳಲ್ಲಿ ಅದು ತಳ ಕಾಣುತ್ತಿರುತ್ತದೆ, ಕಾಲುವೆ ಬತ್ತಿರುತ್ತದೆ. ಗುಬ್ಬಿ ತನ್ನ ಬೀದಿ ಬಿಟ್ಟು ಬಹುದೂರ ಹೋಗುವ ಹಕ್ಕಿಯಲ್ಲ. ಡ್ಯಾಮಿನ ನೀರು ಅದಕ್ಕೆ ಕೇಳಿದ ಸುದ್ದಿ ಮಾತ್ರ. ಕಾಳನ್ನು ಅದು ಎಲ್ಲಾದರೂ ಹುಡುಕಿಕೊಂಡೀತು, ಮಧ್ಯಾಹ್ನ ಎರಡು ಗಂಟೆಗೆ ಒಂದು ಗುಟುಕು ನೀರು ಎಲ್ಲಿಂದ ಹುಡುಕೀತು?

ನೀರಿಗೆ ಕರಟ ಚಿಕ್ಕದು. ಅಂಚು ಒಡೆದ ಮಣ್ಣಿನ ಬೋಗುಣಿ, ಹೂಕುಂಡದ ಕೆಳಗಿಡುವ ತಟ್ಟೆ, ಬಾಯಿ ಒಡೆದ ಬಿಂದಿಗೆಯ ತಳಭಾಗ ಯಾವುದಾದರೂ ಆದೀತು, ಮಣ್ಣಿನದಾದರೆ ತಂಪು. ಎರಡು ಅಂಗುಲಕ್ಕಿಂತ ಆಳ ಬೇಡ. ನಡುವೆ ಒಂದು ಒರಟು ಕಲ್ಲು ಇಡಿ, ಗುಬ್ಬಿ ಅದರ ಮೇಲೆ ನಿಂತು ಕುಡಿಯುತ್ತದೆ, ಜೇನುನೊಣವೂ ಮುಳುಗದೆ ಕುಡಿಯುತ್ತದೆ. ನೆರಳಿನಲ್ಲಿರಲಿ. ನಳದ ನೀರು ನಮ್ಮಲ್ಲಿ ದಿನಾ ಬರುವುದಿಲ್ಲ ಎಂಬುದು ನಿಜ; ಅಕ್ಕಿ ತೊಳೆಯುವ ಮೊದಲು ಒಂದು ಲೋಟ ತೆಗೆದಿಟ್ಟರೆ ಬೋಗುಣಿ ತುಂಬುತ್ತದೆ. ಎರಡು ದಿನಕ್ಕೊಮ್ಮೆ ಹಳೆಯ ನೀರು ಚೆಲ್ಲಿ, ಪಾಚಿ ಉಜ್ಜಿ, ಹೊಸ ನೀರು ಹಾಕಲೇಬೇಕು. ವಾರ ಬಿಟ್ಟರೆ ಅದು ಗುಬ್ಬಿಯ ಬೋಗುಣಿಯಾಗಿ ಉಳಿಯುವುದಿಲ್ಲ, ಡೆಂಗಿ ಸೊಳ್ಳೆಯ ತೊಟ್ಟಿಲಾಗುತ್ತದೆ. ಲಾರ್ವಾ ಹುಡುಕಿಕೊಂಡು ಬರುವ ಆಶಾ ಕಾರ್ಯಕರ್ತೆ ಬೈದರೆ ತಪ್ಪು ಅವರದಲ್ಲ.

ತೊಳೆಯಲು ಪುರುಸೊತ್ತಿಲ್ಲದವರು ಕಾಳಿನ ತಟ್ಟೆ ಕಟ್ಟದಿರುವುದೇ ಹಕ್ಕಿಗೆ ಮಾಡುವ ಉಪಕಾರ. ಅಂಥವರು ಹಿತ್ತಲಲ್ಲಿ ಒಂದು ಮೂಲೆಯನ್ನು ಟೈಲ್ಸಿನಿಂದ ಬಿಡಿಸಿ ಹುಲ್ಲು ಬೆಳೆಯಲು ಬಿಡಲಿ, ಕಸಕ್ಕೆ ಬೆಂಕಿ ಹಚ್ಚದಿರಲಿ. ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಕಟ್ಟುವ ಫೋಟೊ ಸಾಕು, ಮುಂದಿನ ಸಲ ತೊಳೆಯುವ ಫೋಟೊ ಹಾಕಿ, ಯಾವ ಮಗು ಯಾವ ವಾರ ತೊಳೆಯಬೇಕೆಂದು ಗೋಡೆಯ ಮೇಲೆ ಪಟ್ಟಿ ಅಂಟಿಸಿ. ಮತ್ತು ರಜೆಗೆ ಊರಿಗೆ ಹೊರಡುವವರೆಲ್ಲ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡುವಾಗ ನೀರಿನ ಬೋಗುಣಿಯನ್ನೂ ತೋರಿಸಿ ಒಪ್ಪಿಸಿ ಹೋಗಿ.